ಚಿಪ್ಪುಜೀವಿಗಳ ಸಾಕಣೆ ಮತ್ತು ಕಡಲಕಳೆಯ ಆಹಾರ: ಅಘನಾಶಿನಿಯ ಗಜನಿಗಳನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

೧. ವಿಷಯಪ್ರವೇಶ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಬಯಲಿನಲ್ಲಿ ನಿಂತು ಕಡಲಿನ ಸಿಗಡಿಗೆ ಆಹಾರ ಯಾವುದೆಂದು ವಿಚಾರಿಸುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ ಈ ಬಯಲಿಗೂ ಉತ್ತರ ಕನ್ನಡದ ತೀರಕ್ಕೂ ಇರುವ ಸಂಬಂಧ ಇಂದಿನದಲ್ಲ. ರೈಲುಮಾರ್ಗ ಬರುವುದಕ್ಕೆ ಮುಂಚೆ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಧಾರವಾಡ ಜಿಲ್ಲೆಯ ಹತ್ತಿಯು ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದಿತು. ಬೆಳೆದದ್ದು ಬಯಲಿನಲ್ಲಿಯಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೆ ಈ ಹತ್ತಿಯ ವ್ಯಾಪಾರವೂ ಒಂದು ಕಾರಣ. ತೀರದಿಂದ ಉಪ್ಪು ಮೇಲೇರಿ ಬರುತ್ತಿದ್ದಿತು. ಸಿರಸಿಯ ಸೀಮೆಯ ಏಲಕ್ಕಿ ಹಾವೇರಿಯ ಪೇಟೆಗೆ ಬರುತ್ತಿದ್ದಿತು. ೧೮೮೦ರ ದಶಕದಲ್ಲಿ ರೈಲು ಹುಬ್ಬಳ್ಳಿಯನ್ನು ಮುಟ್ಟಿದ ಮೇಲೆ ಈ ಘಟ್ಟದ ದಾರಿಗಳ ಪ್ರಾಮುಖ್ಯ ಇಳಿಯಿತಾದರೂ, ಬಯಲು ಮತ್ತು ಕರಾವಳಿಗಳನ್ನು ಒಂದೇ ಆರ್ಥಿಕ ವ್ಯವಸ್ಥೆಯ ಎರಡು ಅಂಗಗಳೆಂದು ಕಾಣುವ ಅಗತ್ಯ ಇಂದಿಗೂ ಉಳಿದಿದೆ.

ನೀರಿನಲ್ಲಿ ಪ್ರಾಣಿಗಳನ್ನು ಸಾಕುವ ಉದ್ಯೋಗವು ಈಗ ಜಗತ್ತಿನಲ್ಲಿ ಬಹು ದೊಡ್ಡದಾಗಿ ಬೆಳೆದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಗಳಂತೆ, ೨೦೨೨ರಲ್ಲಿ ಸಾಕಿ ಬೆಳೆಸಿದ ಜಲಪ್ರಾಣಿಗಳ ಪ್ರಮಾಣವು ೯.೪ ಕೋಟಿ ಟನ್ನುಗಳನ್ನು ಮೀರಿ, ಬಲೆ ಬೀಸಿ ಹಿಡಿದವುಗಳ ಪ್ರಮಾಣವನ್ನು ಮೊದಲನೆಯ ಬಾರಿಗೆ ಹಿಂದೆ ಹಾಕಿತು. ಸಾಕುವುದೆಂದರೆ ಆಹಾರ ಒದಗಿಸುವುದು. ಆ ಆಹಾರ ಎಲ್ಲಿಂದ ಬರುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ ಕೇವಲ ಪ್ರಾಣಿಶಾಸ್ತ್ರದ್ದಲ್ಲ. ಅದು ಚರಿತ್ರೆಯ ವಿದ್ಯಾರ್ಥಿಯ ಪ್ರಶ್ನೆಯೂ ಹೌದು. ಮೀನಿನ ಪುಡಿಗೆ ಬದಲಾಗಿ ಕಡಲಕಳೆಯನ್ನು ಉಪಯೋಗಿಸಬಹುದೆಂಬ ಮಾತು ಇತ್ತೀಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಈ ಮಾತಿನ ಬಲಾಬಲಗಳನ್ನು ತಿಳಿಸಿ, ಅದಕ್ಕೆ ಸಮೀಪವಾದ ಪದ್ಧತಿಯೊಂದು ನಮ್ಮ ನಾಡಿನಲ್ಲಿಯೇ ಬಹುಕಾಲದಿಂದ ನಡೆದುಬಂದಿದ್ದುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಯಾವ ಜೀವಿಗೆ ಯಾವ ಆಹಾರ

ವ್ಯಾಪಾರದ ಭಾಷೆಯಲ್ಲಿ ‘ಚಿಪ್ಪುಜೀವಿ’ ಎಂಬ ಒಂದೇ ಹೆಸರಿನಡಿಯಲ್ಲಿ ಬರುವ ಪ್ರಾಣಿಗಳು ಆಹಾರದ ದೃಷ್ಟಿಯಿಂದ ಮೂರು ಬೇರೆ ಬೇರೆ ವರ್ಗಗಳಿಗೆ ಸೇರುತ್ತವೆ. ಈ ಭೇದವನ್ನು ಗಮನಿಸದಿದ್ದರೆ ಮುಂದಿನ ಚರ್ಚೆಯೆಲ್ಲ ಗೊಂದಲಕ್ಕೆ ಈಡಾಗುವುದು.

ಮೊದಲನೆಯ ವರ್ಗ, ನೀರನ್ನು ಸೋಸಿ ತಿನ್ನುವ ಎರಡು ಚಿಪ್ಪಿನ ಜೀವಿಗಳದು. ಉತ್ತರ ಕನ್ನಡದಲ್ಲಿ ಬಳಚು ಎಂದೂ ದಕ್ಷಿಣ ಕನ್ನಡದಲ್ಲಿ ಮರುವಾಯಿ ಎಂದೂ ಕರೆಯುವ ಚಿಪ್ಪುಗಳು, ಬಂಡೆಗಳಿಗೆ ಕಚ್ಚಿಕೊಂಡು ಬೆಳೆಯುವ ಹಸಿರು ಪಚ್ಚಿಲೆ, ಮುತ್ತಿನ ಸಿಂಪಿ, ನಮ್ಮ ತುಂಗಭದ್ರೆಯಂಥ ಹೊಳೆಗಳಲ್ಲಿಯೂ ಕೆರೆಗಳಲ್ಲಿಯೂ ಇರುವ ಸಿಹಿನೀರಿನ ಚಿಪ್ಪು, ಇವೆಲ್ಲ ಈ ವರ್ಗದವು. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಕಣಗಳೇ ಇವುಗಳ ಮುಖ್ಯ ಆಹಾರ. ಹಗ್ಗಗಳಿಗೆ ಪಚ್ಚಿಲೆಯ ಮರಿಗಳನ್ನು ಕಟ್ಟಿ ಮೂಲ್ಕಿ ಮೊದಲಾದ ಅಳಿವೆಗಳಲ್ಲಿ ಬೆಳೆಸುವವರು ಒಂದು ಹಿಡಿ ಆಹಾರವನ್ನೂ ನೀರಿಗೆ ಹಾಕಬೇಕಾಗಿಲ್ಲ. ಭರತ ಇಳಿತಗಳೇ ಅದನ್ನು ಹೊತ್ತು ತರುತ್ತವೆ. ಮರಿಗಳನ್ನು ಮೊಟ್ಟೆಯಿಂದ ಬೆಳೆಸುವ ಕೇಂದ್ರಗಳಲ್ಲಿ ಮಾತ್ರ ಸೂಕ್ಷ್ಮ ಪಾಚಿಯನ್ನು ಗಾಜಿನ ಪಾತ್ರೆಗಳಲ್ಲಿ ಬೆಳೆಸಿ ಕೊಡಬೇಕಾಗುತ್ತದೆ.

ಎರಡನೆಯ ವರ್ಗ, ಕಡಲಕಳೆಯನ್ನು ನೇರವಾಗಿ ಮೇಯುವ ಒಂಟಿಚಿಪ್ಪಿನ ಜೀವಿಗಳದು. ಇವುಗಳಲ್ಲಿ ಪ್ರಸಿದ್ಧವಾದುದು ಅಬಲೋನ್ ಎಂಬ ದೊಡ್ಡ ಕಡಲ ಬಸವನಹುಳು. ಅಂಗೈಯಂತೆ ಚಪ್ಪಟೆಯಾದ ಪಾದದಿಂದ ಬಂಡೆಗೆ ಅಂಟಿಕೊಂಡು, ಹಸು ಹುಲ್ಲನ್ನು ಮೇಯುವಂತೆ ಇದು ಕಡಲಕಳೆಯನ್ನು ಮೇಯುತ್ತದೆ.

ಮೂರನೆಯ ವರ್ಗ ಸಿಗಡಿ, ಏಡಿಗಳದು. ಇವು ಸಿಕ್ಕುದನ್ನೆಲ್ಲ ತಿನ್ನುವಂಥವು: ಹುಳು, ಸಣ್ಣ ಸೀಗಡಿಮರಿ, ಕೊಳೆತ ಎಲೆ, ಅದರ ಮೇಲೆ ಬೆಳೆದ ಪಾಚಿ, ಎಲ್ಲವೂ ಇವುಗಳಿಗೆ ಆದೀತು. ಒತ್ತಾಗಿ ಸಾಕಿದಾಗ ಹೊಂಡದ ಸಹಜವಾದ ಆಹಾರ ಸಾಲದಾಗಿ, ಕಾರ್ಖಾನೆಯಲ್ಲಿ ತಯಾರಾದ ಗುಳಿಗೆಗಳನ್ನು ಹಾಕಬೇಕಾಗುತ್ತದೆ. ಈ ಗುಳಿಗೆಯಲ್ಲಿ ಸೋಯಾ ಹಿಂಡಿ, ಗೋಧಿಯ ಹಿಟ್ಟು, ಮೀನೆಣ್ಣೆ ಇವುಗಳೊಂದಿಗೆ ಮೀನಿನ ಪುಡಿಯೂ ಸೇರಿರುತ್ತದೆ. ಒಂದು ಕಿಲೋಗ್ರಾಂ ಪುಡಿಗೆ ಸುಮಾರು ನಾಲ್ಕರಿಂದ ಐದು ಕಿಲೋಗ್ರಾಂ ಹಸಿ ಮೀನು ಬೇಕು. ನಮ್ಮ ಕರಾವಳಿಯ ಮೀನುಪುಡಿ ಕಾರ್ಖಾನೆಗಳಿಗೆ ಹೋಗುವ ಮೀನಿನಲ್ಲಿ ಮುಖ್ಯವಾದುದು ಬೂತಾಯಿ, ಎಂದರೆ ಕಾರವಾರದ ಕಡೆಯವರು ತಾರ್ಲೆ ಎನ್ನುವ ಮೀನು. ಬಡವರ ಬಟ್ಟಲಿನ ಮೀನು ಪುಡಿಯಾಗಿ, ಪುಡಿ ಸಿಗಡಿಯಾಗಿ, ಸಿಗಡಿ ಪರದೇಶದ ಊಟದ ಮೇಜನ್ನು ಸೇರುವ ಈ ಸರಪಳಿಯೇ ಪ್ರಸ್ತುತ ಸಮಸ್ಯೆಯ ಮೂಲ.

೩. ಕಡಲಕಳೆಯ ಗುಣ ಮತ್ತು ಮಿತಿ

ಕಡಲಕಳೆಗೂ ಚಿಪ್ಪಿಗೂ ಇರುವ ನಂಟು ವಿಚಿತ್ರವಾದುದು. ಜಪಾನಿನವರು ಅನ್ನದೊಡನೆ ತಿನ್ನುವ ನೋರಿ ಎಂಬ ಕೆಂಪು ಕಳೆಯು ಬೇಸಗೆಯಲ್ಲಿ ಎಲ್ಲಿ ಅಡಗುತ್ತದೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ೧೯೪೯ರಲ್ಲಿ ಇಂಗ್ಲೆಂಡಿನ ವಿದುಷಿ ಕ್ಯಾಥ್ಲೀನ್ ಡ್ರೂ ಅವರು, ಆ ಕಳೆಯು ತನ್ನ ಜೀವಿತದ ಒಂದು ಅವಸ್ಥೆಯನ್ನು ಸತ್ತ ಚಿಪ್ಪಿನೊಳಗೆ ಕಳೆಯುತ್ತದೆಂದು ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಸಿಂಪಿಯ ಚಿಪ್ಪುಗಳ ಮೇಲೆ ಬೀಜವನ್ನು ಸಿದ್ಧಪಡಿಸಿ ನೋರಿಯನ್ನು ಬೇಸಾಯ ಮಾಡುವುದು ಸಾಧ್ಯವಾಯಿತು.

ಕಡಲಕಳೆಯನ್ನೇ ಆಹಾರವಾಗಿ ಕೊಟ್ಟು ಚಿಪ್ಪುಜೀವಿಯನ್ನು ಬೆಳೆಸುವ ಪ್ರಯತ್ನ ನಿಸ್ಸಂದೇಹವಾಗಿ ಯಶಸ್ವಿಯಾಗಿರುವುದು ಅಬಲೋನಿನಲ್ಲಿ. ಚೀನದಲ್ಲಿ ಕೆಲ್ಪ್ ಎಂಬ ದೊಡ್ಡ ಕಂದು ಕಳೆಯನ್ನೂ ಗ್ರಾಸಿಲೇರಿಯ ಎಂಬ ಕೆಂಪು ಕಳೆಯನ್ನೂ ಬೆಳೆಸಿ ಅಬಲೋನಿಗೆ ಹಾಕುತ್ತಾರೆ. ದಕ್ಷಿಣ ಆಫ್ರಿಕದ ಸಾಕಣೆಗಾರರು ಸಮುದ್ರದಿಂದ ಕೊಯ್ದ ಕೆಲ್ಪನ್ನು ಕೊಡುವುದರ ಜೊತೆಗೆ, ಅಬಲೋನಿನ ತೊಟ್ಟಿಯಿಂದ ಹೊರಬಿದ್ದ ಕೊಳೆನೀರಿನಲ್ಲಿಯೇ ಉಲ್ವ ಎಂಬ ಹಸಿರು ಕಳೆಯನ್ನು ಬೆಳೆಸಿ, ಅದನ್ನು ಮತ್ತೆ ಅದೇ ಪ್ರಾಣಿಗೆ ಉಣಿಸುತ್ತಾರೆ. ತಿಂದ ಕಳೆಯ ಬಣ್ಣಕ್ಕೆ ಅನುಗುಣವಾಗಿ ಅಬಲೋನಿನ ಚಿಪ್ಪಿನಲ್ಲಿ ಬೇರೆ ಬೇರೆ ಬಣ್ಣದ ಪಟ್ಟೆಗಳು ಮೂಡುವುದರಿಂದ, ಚಿಪ್ಪನ್ನು ನೋಡಿ ಅದು ಯಾವಾಗ ಏನನ್ನು ತಿಂದಿತ್ತೆಂದು ಊಹಿಸಬಹುದು.

ಆದರೆ ಅಬಲೋನಿಗೆ ಒಗ್ಗಿದುದು ಸಿಗಡಿಗೂ ಅಷ್ಟೇ ಒಗ್ಗುವುದೆಂದು ಭಾವಿಸಲಾಗದು. ಹಸಿ ಕಡಲಕಳೆಯ ತೂಕದಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲು ಬರಿಯ ನೀರು. ಆದುದರಿಂದ ಒಂದು ಕಿಲೋಗ್ರಾಂ ಅಬಲೋನ್ ಬೆಳೆಯಲು ಹತ್ತು ಕಿಲೋಗ್ರಾಮಿಗೂ ಮೇಲ್ಪಟ್ಟು ಹಸಿ ಕಳೆ ಬೇಕಾಗುತ್ತದೆ. ಕಂದು ಕಳೆಗಳನ್ನು ಒಣಗಿಸಿದರೂ ಅವುಗಳಲ್ಲಿ ಸಸಾರಜನಕದ, ಎಂದರೆ ಪ್ರೋಟೀನಿನ ಅಂಶ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹದಿನೈದರಷ್ಟು ಮಾತ್ರ. ಒತ್ತಾಗಿ ಸಾಕಿದ ಸಿಗಡಿಯ ಆಹಾರದಲ್ಲಿ ಅದು ಮೂವತ್ತರಿಂದ ನಲವತ್ತರವರೆಗೆ ಇರಬೇಕು. ಕೆಂಪು ಕಳೆಗಳಲ್ಲಿ ಕೆಲವು ಪ್ರೋಟೀನಿನಲ್ಲಿ ಸಮೃದ್ಧವಾಗಿದ್ದರೂ ಅವು ಮನುಷ್ಯರ ಆಹಾರವಾಗಿಯೇ ಹೆಚ್ಚಿನ ಬೆಲೆಗೆ ಮಾರಿಹೋಗುತ್ತವೆ. ಆದುದರಿಂದ ಸಿಗಡಿಯ ಆಹಾರದಲ್ಲಿ ಕಡಲಕಳೆಗೆ ಸಲ್ಲುವ ಸ್ಥಾನ ಅನ್ನದ್ದಲ್ಲ, ವ್ಯಂಜನದ್ದು. ಸ್ವಲ್ಪ ಪ್ರಮಾಣದಲ್ಲಿ ಬೆರೆಸಿದಾಗ ಅದು ಖನಿಜಗಳನ್ನೂ ಬಣ್ಣವನ್ನೂ ಕೊಡುತ್ತದೆ. ಕಂದು ಕಳೆಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟು, ಗುಳಿಗೆಯು ನೀರಿನಲ್ಲಿ ಕೂಡಲೇ ಕರಗಿಹೋಗದಂತೆ ಹಿಡಿದಿಡುತ್ತದೆ. ಹೀಗೆ ಕರಗದಿರುವುದು ಸಣ್ಣ ಪ್ರಯೋಜನವೇನಲ್ಲ, ಏಕೆಂದರೆ ಕರಗಿದ ಆಹಾರ ಹಣದ ನಷ್ಟ ಮಾತ್ರವಲ್ಲದೆ ನೀರಿನ ಕೊಳೆಗೂ ಕಾರಣವಾಗುತ್ತದೆ.

ಇನ್ನು ಕರ್ನಾಟಕದ ತೀರ. ಸುಮಾರು ೩೦೦ ಕಿಲೋಮೀಟರು ಉದ್ದದ ಈ ತೀರದಲ್ಲಿ ಕಾರವಾರ, ಭಟ್ಕಳ ಮೊದಲಾದೆಡೆಗಳ ಬಂಡೆಗಳ ಮೇಲೆ ಸರ್ಗಾಸಂ, ಉಲ್ವ, ಪಡೀನ, ಗ್ರಾಸಿಲೇರಿಯ ಕಳೆಗಳು ಮಳೆಗಾಲ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಆದರೆ ತಮಿಳುನಾಡಿನ ಮಂಡಪಂ ತೀರದ ಅಥವಾ ಗುಜರಾತಿನ ತೀರದ ಸಮೃದ್ಧಿ ಇಲ್ಲಿಲ್ಲ. ಮುಂಗಾರಿನ ನಾಲ್ಕು ತಿಂಗಳು ಅಲೆಗಳ ಹೊಡೆತವೂ ಹೊಳೆಗಳ ಸಿಹಿನೀರೂ ಸೇರಿ ಬೇಸಾಯಕ್ಕೆ ಅಡ್ಡಿಯಾಗುತ್ತವೆ. ಹೊರಗಿನ ಕಳೆಯನ್ನು ತಂದು ಬೆಳೆಸುವುದರಲ್ಲಿಯೂ ಎಚ್ಚರ ಅಗತ್ಯ. ಫಿಲಿಪ್ಪೀನ್ಸ್ ಮೂಲದ ಕಪ್ಪಾಫೈಕಸ್ ಎಂಬ ಕಳೆಯನ್ನು ೧೯೮೦ರ ದಶಕದಲ್ಲಿ ಭಾರತಕ್ಕೆ ತರಲಾಯಿತು. ಮಂಡಪಂ ಕಡೆಯ ಎಷ್ಟೋ ಕುಟುಂಬಗಳಿಗೆ ಅದು ಜೀವನೋಪಾಯವಾಯಿತು. ಆದರೆ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಅದು ಜೀವಂತ ಹವಳಗಳ ಮೇಲೆ ಹಬ್ಬಿದುದನ್ನು ೨೦೦೮ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

೪. ಗಜನಿಯ ಪದ್ಧತಿ

ಹಾಗಾದರೆ ಮೀನಿನ ಪುಡಿಯಿಲ್ಲದೆ, ಪಾಚಿ ಮತ್ತು ಸಸ್ಯಗಳ ಆಧಾರದಿಂದಲೇ ಸಿಗಡಿಯನ್ನು ಬೆಳೆಸುವುದು ಅಸಾಧ್ಯವೇ? ಅಸಾಧ್ಯವಲ್ಲವೆಂಬುದಕ್ಕೆ ಕುಮಟಾ ತಾಲೂಕಿನ ಗಜನಿ ಭೂಮಿಗಳೇ ಸಾಕ್ಷಿ.

ಅಘನಾಶಿನಿ ನದಿಯು ಸಿರಸಿಯ ಬಳಿ ಹುಟ್ಟಿ, ಘಟ್ಟವನ್ನಿಳಿದು, ತದಡಿಯ ಹತ್ತಿರ ಸಮುದ್ರವನ್ನು ಸೇರುತ್ತದೆ. ಅದರ ಅಳಿವೆಯಲ್ಲಿ ಉಪ್ಪುನೀರು ದಿನಕ್ಕೆರಡು ಬಾರಿ ಏರಿ ಇಳಿಯುವ ತಗ್ಗುನೆಲಗಳಿಗೆ ಗಜನಿಯೆಂದು ಹೆಸರು. ಗೋವೆಯ ಖಜಾನ್ ಭೂಮಿಯೂ ಕೇರಳದ ಪೊಕ್ಕಾಳಿ ಗದ್ದೆಯೂ ಇದೇ ಜಾತಿಯವು. ಮಣ್ಣಿನ ಒಡ್ಡುಗಳನ್ನು ಕಟ್ಟಿ, ಅಲ್ಲಲ್ಲಿ ಹಲಗೆಯ ಬಾಗಿಲುಗಳನ್ನಿಟ್ಟು, ನೀರಿನ ಬರವು ಹೋಗುಗಳನ್ನು ರೈತರು ತಮ್ಮ ಅಂಕೆಯಲ್ಲಿ ಇರಿಸಿಕೊಂಡಿದ್ದರು. ಮುಂಗಾರಿನಲ್ಲಿ ಮಳೆಯ ನೀರು ನೆಲದ ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ ಭತ್ತವನ್ನು ಬಿತ್ತುವರು. ಎತ್ತರವಾಗಿ ಬೆಳೆಯುವ ಈ ತಳಿ ಉಪ್ಪನ್ನೂ ಕೆಲವು ದಿನಗಳ ಮುಳುಗಡೆಯನ್ನೂ ತಾಳಿಕೊಳ್ಳುತ್ತದೆ. ಗೊಬ್ಬರವನ್ನಾಗಲಿ ಔಷಧವನ್ನಾಗಲಿ ಬೇಡುವುದಿಲ್ಲ. ಮಳೆ ನಿಂತು ಪೈರು ಬಲಿತಾಗ ತೆನೆಯನ್ನು ಕೊಯ್ದು, ಹುಲ್ಲಿನ ಬುಡವನ್ನು ಗದ್ದೆಯಲ್ಲಿಯೇ ಬಿಡುವರು. ಆಮೇಲೆ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಟ್ಟುಕೊಂಡರೆ, ಅದರೊಂದಿಗೆ ಸಿಗಡಿಯ ಮರಿಗಳೂ ಮೀನಿನ ಮರಿಗಳೂ ತಾವಾಗಿಯೇ ಬರುತ್ತವೆ.

ಇಲ್ಲಿ ಸಿಗಡಿಗೆ ಆಹಾರವನ್ನು ಯಾರೂ ಹಾಕುವುದಿಲ್ಲ. ನೀರಿನಲ್ಲಿ ಕೊಳೆಯುವ ಹುಲ್ಲಿನ ಮೇಲೆ ಸೂಕ್ಷ್ಮಜೀವಿಗಳು ನೆಲೆಸುತ್ತವೆ; ಅವು ಹುಲ್ಲಿನ ಸಾರವನ್ನು ಬಿಡಿಸಿಕೊಟ್ಟಾಗ ಪಾಚಿ ಹುಲುಸಾಗಿ ಬೆಳೆಯುತ್ತದೆ; ಪಾಚಿಯನ್ನು ತಿಂದು ಸಣ್ಣ ಹುಳುಗಳು ಹೆಚ್ಚುತ್ತವೆ; ಇವೆಲ್ಲವನ್ನೂ ಸಿಗಡಿ ಮೇಯುತ್ತದೆ. ಸಿಗಡಿಯ ಹಿಕ್ಕೆ, ಮೀನಿನ ಹಿಕ್ಕೆ ಮತ್ತು ಭರತ ತಂದ ಮೆಕ್ಕಲು ಮುಂದಿನ ವರ್ಷದ ಭತ್ತಕ್ಕೆ ಗೊಬ್ಬರವಾಗುತ್ತವೆ. ನಮ್ಮ ಬಯಲಿನ ಕೆರೆ ಹೊಂಡಗಳಲ್ಲಿ ಕಾಟ್ಲಾ, ರೋಹು ಮೀನುಗಳನ್ನು ಸಾಕುವವರು ಸಗಣಿಗೊಬ್ಬರವನ್ನು ಹಾಕಿ ನೀರನ್ನು ಹಸಿರಾಗಿಸುವುದೂ, ಅದು ಸಾಲದಾದಾಗ ಅಕ್ಕಿಯ ತೌಡು, ಶೇಂಗಾ ಹಿಂಡಿಗಳನ್ನು ಕೊಡುವುದೂ ಇದೇ ತತ್ತ್ವವನ್ನು ಆಶ್ರಯಿಸಿದೆ. ಒಂದು ವ್ಯತ್ಯಾಸವೆಂದರೆ ಗಜನಿಯಲ್ಲಿ ಗೊಬ್ಬರವನ್ನು ಹೊತ್ತು ಹಾಕುವ ಕೆಲಸವನ್ನೂ ಬೆಳೆಯೇ ಮಾಡುತ್ತದೆ. ಇಳುವರಿ ಅಲ್ಪವೆಂಬುದು ನಿಜ. ಆದರೆ ಅದು ಇನ್ನೊಬ್ಬರ ಆಹಾರವನ್ನು ಕಸಿದುಕೊಂಡು ಬಂದ ಇಳುವರಿಯಲ್ಲ.

೫. ಪದ್ಧತಿ ಕದಲಿದ ಬಗೆ

ಈ ಪದ್ಧತಿ ಕದಲಿದುದು ಅಜ್ಞಾನದಿಂದಲ್ಲ, ಬೆಲೆಯಿಂದ. ಪರದೇಶಗಳಲ್ಲಿ ಸಿಗಡಿಯ ಬೆಲೆ ಏರಿದಂತೆ, ಗಜನಿಯಲ್ಲಿ ಭತ್ತದ ಆದಾಯಕ್ಕಿಂತ ಸಿಗಡಿಯ ಗುತ್ತಿಗೆಯ ಆದಾಯ ಹೆಚ್ಚಾಯಿತು. ಹಿಡಿಯುವ ಹಕ್ಕು ಗುತ್ತಿಗೆದಾರರಿಗೆ ಹೋದ ಕಡೆಗಳಲ್ಲಿ ಉಪ್ಪುನೀರು ಗದ್ದೆಯಲ್ಲಿ ಹೆಚ್ಚು ಕಾಲ ನಿಲ್ಲತೊಡಗಿತು. ನೀರು ನಿಂತಷ್ಟೂ ಸಿಗಡಿಗೆ ಲಾಭ, ಭತ್ತಕ್ಕೆ ನಷ್ಟ. ಕಗ್ಗದ ಬೇಸಾಯ ಹಿಂದೆಗೆದಂತೆ ಹುಲ್ಲೂ ಇಲ್ಲವಾಯಿತು, ಹುಲ್ಲಿನೊಡನೆ ಸಿಗಡಿಯ ಸಹಜವಾದ ಆಹಾರವೂ ಇಲ್ಲವಾಯಿತು. ಒಡ್ಡುಗಳನ್ನು ಒಟ್ಟಾಗಿ ಕಾಯುತ್ತಿದ್ದ ಊರಿನ ಕಟ್ಟುಪಾಡೂ ಸಡಿಲಿತು. ಮಾಣಿಕಟ್ಟಾ ಮೊದಲಾದ ಕೆಲವೇ ಗ್ರಾಮಗಳ ರೈತರು ಮಾತ್ರ ಕಗ್ಗದ ಬೀಜವನ್ನು ಉಳಿಸಿಕೊಂಡರು.

ಇದೇ ಕಾಲದಲ್ಲಿ, ೧೯೯೦ರ ದಶಕದ ಆರಂಭದಲ್ಲಿ, ದೇಶದ ತೀರಗಳಲ್ಲೆಲ್ಲ ಗುಳಿಗೆಯ ಆಹಾರವನ್ನು ನಂಬಿದ ಒತ್ತುಸಾಕಣೆಯ ಹೊಂಡಗಳು ಎದ್ದವು. ೧೯೯೪-೯೫ರ ಸುಮಾರಿಗೆ ಬಿಳಿಚುಕ್ಕೆ ರೋಗವು ಅವುಗಳಿಗೆ ತಗಲಿ ಅಪಾರ ನಷ್ಟವಾಯಿತು. ಹೊಂಡಗಳ ಕೊಳೆನೀರಿನಿಂದಲೂ ಉಪ್ಪಿನಿಂದಲೂ ಗದ್ದೆ ಬಾವಿಗಳು ಕೆಡುತ್ತವೆಂದು ತಮಿಳುನಾಡಿನ ಸರ್ವೋದಯ ಕಾರ್ಯಕರ್ತ ಎಸ್. ಜಗನ್ನಾಥನ್ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ೧೯೯೬ರ ಡಿಸೆಂಬರ್ ೧೧ರಂದು ನ್ಯಾಯಾಲಯವು ತೀರನಿಯಂತ್ರಣ ವಲಯದಲ್ಲಿ ಇಂಥ ಹೊಂಡಗಳನ್ನು ನಿಷೇಧಿಸಿ, ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ಕೊಟ್ಟಿತು. ೨೦೦೫ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಶಾಸನವು ಬಂದು ವ್ಯವಸ್ಥೆ ಮತ್ತೆ ಬದಲಾಯಿತು. ೨೦೦೯ರಲ್ಲಿ ಪೆಸಿಫಿಕ್ ಸಾಗರದ ವನ್ನಾಮಿ ಸಿಗಡಿಗೆ ಅನುಮತಿ ದೊರೆಯಿತು. ಈ ಘಟನಾವಳಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗಜನಿಯಂಥ ಪದ್ಧತಿಗಳಿಗೆ ವಿನಾಯಿತಿ ದೊರೆತರೂ, ಅವು ಬಾಳುವುದಕ್ಕೆ ಬೇಕಾದ ಭತ್ತದ ಬೆಲೆಯನ್ನು ಯಾವ ಶಾಸನವೂ ಕೊಡಲಿಲ್ಲ. ೨೦೨೪ರಲ್ಲಿ ಅಘನಾಶಿನಿಯ ಅಳಿವೆಯು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದುದು ಸಂತೋಷದ ವಿಷಯವೇ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಒಡೆದ ಒಡ್ಡುಗಳು ತಾವಾಗಿ ಕಟ್ಟಿಕೊಳ್ಳುವುದಿಲ್ಲ.

೬. ಬಯಲುಸೀಮೆಯ ಪಾಲು

ಈಗ ಮತ್ತೆ ನಮ್ಮ ಬಯಲಿಗೆ ಬರೋಣ. ಸಿಗಡಿಯನ್ನು ಬೇಯಿಸಿದಾಗ ಅದು ಕೆಂಪಾಗುವುದನ್ನು ಎಲ್ಲರೂ ಬಲ್ಲರು. ಅಸ್ಟಕ್ಸಾಂತಿನ್ ಎಂಬ ಕೆಂಪು ವಸ್ತುವು ಜೀವಂತ ಸಿಗಡಿಯ ಚಿಪ್ಪಿನಲ್ಲಿ ಪ್ರೋಟೀನಿನೊಡನೆ ಬಂಧಿತವಾಗಿ ನೀಲಿಛಾಯೆಯನ್ನು ತಾಳಿರುತ್ತದೆ. ಬಿಸಿ ತಗಲಿದೊಡನೆ ಆ ಬಂಧ ಬಿಟ್ಟು ತನ್ನ ನಿಜವಾದ ಬಣ್ಣವನ್ನು ತೋರುತ್ತದೆ. ಈ ವರ್ಗದ ಬಣ್ಣಗಳನ್ನು ಸಿಗಡಿ ಮೊದಲಿನಿಂದ ತಾನೇ ನಿರ್ಮಿಸಲಾರದು. ಸಮುದ್ರದಲ್ಲಿ ಅವು ಪಾಚಿಯಿಂದ, ಆಹಾರದ ಮೂಲಕ, ಅದರ ಮೈಸೇರುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪಿಗೆ ಕಾರಣವಾದ ಕ್ಯಾಪ್ಸಾಂತಿನ್ ಸಹ ಇದೇ ಕುಟುಂಬದ ಬಣ್ಣ. ಖಾರ ಕಡಮೆ, ಬಣ್ಣ ಹೆಚ್ಚು ಎಂಬ ಗುಣದಿಂದ ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಈ ಕಾಯಿಯಿಂದ ಬಣ್ಣದ ಸತ್ತ್ವವನ್ನು ತೆಗೆಯುವ ಉದ್ಯಮ ಬೆಳೆದಿದೆ. ಕೆಂಪು ಮೆಣಸಿನ ಬಣ್ಣವನ್ನು ಮೊಟ್ಟೆಯ ಭಂಡಾರ ಕೆಂಪಾಗಲೆಂದು ಕೋಳಿಯ ಆಹಾರದಲ್ಲಿ ಬಳಸುವುದುಂಟು. ಮೀನು ಸಿಗಡಿಗಳ ಆಹಾರದಲ್ಲಿಯೂ ಅದರ ಪ್ರಯೋಗಗಳು ನಡೆದಿವೆ. ರಾಣೆಬೆನ್ನೂರು, ಹಾವೇರಿಗಳ ಹೊಲಗಳಲ್ಲಿ ಇಂದು ಹಬ್ಬಿರುವ ಮೆಕ್ಕೆಜೋಳದ ಬಹುಭಾಗವೂ ಮನುಷ್ಯರ ಊಟಕ್ಕಲ್ಲ, ಪ್ರಾಣಿಗಳ ಆಹಾರಕ್ಕೆ ಮತ್ತು ಪಿಷ್ಟದ ಕಾರ್ಖಾನೆಗಳಿಗೆ ಹೋಗುತ್ತದೆ. ಅತ್ತ ಕಡಲಕಳೆಯ ರಸವು ಬೆಳೆಗೆ ಸಿಂಪಡಿಸುವ ದ್ರವವಾಗಿ ಬಯಲಿನ ಅಂಗಡಿಗಳಿಗೆ ಬಂದಿದೆ. ಹತ್ತಿ ಇಳಿದು ಉಪ್ಪು ಏರುತ್ತಿದ್ದ ಹಳೆಯ ವಿನಿಮಯವು ಹೀಗೆ ಹೊಸ ಸರಕುಗಳಿಂದ ಮುಂದುವರಿಯುತ್ತಿದೆ.

ಆದುದರಿಂದ ಮೀನಿನ ಪುಡಿಯ ಬದಲು ಸಸ್ಯಾಹಾರ ಎಂದೊಡನೆ ಸಮಸ್ಯೆ ಮುಗಿಯಿತೆಂದು ತಿಳಿಯಲಾಗದು. ಪುಡಿಯ ಸ್ಥಾನದಲ್ಲಿ ಕಾಳು, ಹಿಂಡಿಗಳು ಬಂದರೆ ಭಾರವು ಸಮುದ್ರದಿಂದ ಹೊಲಕ್ಕೆ ವರ್ಗವಾಗುತ್ತದೆ. ಜೋಳ ಬೆಳೆಯುತ್ತಿದ್ದ ಮಳೆಯಾಶ್ರಯದ ನೆಲ ಪ್ರಾಣಿಗಳ ಆಹಾರಕ್ಕೆ ಮೀಸಲಾಗುತ್ತದೆ. ಕಡಲಕಳೆಯ ವಿಶೇಷವಾದ ಮೇಲ್ಮೆ ಇರುವುದು ಇಲ್ಲಿಯೇ: ಅದು ಹೊಲವನ್ನು ಬೇಡುವುದಿಲ್ಲ, ಸಿಹಿನೀರನ್ನು ಬೇಡುವುದಿಲ್ಲ, ಗೊಬ್ಬರವನ್ನು ಬೇಡುವುದಿಲ್ಲ.

೭. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಆಹಾರವನ್ನೇ ಬೇಡದ ಬಳಚು, ಪಚ್ಚಿಲೆಗಳ ಸಾಕಣೆಗೆ ಅಗ್ರಸ್ಥಾನ ಸಲ್ಲಬೇಕು. ಅಳಿವೆಯ ನೀರು ಶುದ್ಧವಾಗಿರುವಂತೆ ನೋಡಿಕೊಳ್ಳುವುದೇ ಅವುಗಳಿಗೆ ಕೊಡುವ ಆಹಾರ. ಎರಡನೆಯದಾಗಿ, ಅಬಲೋನಿನಂತೆ ಕಡಲಕಳೆಯನ್ನು ಸಹಜವಾಗಿ ಮೇಯುವ ಜೀವಿಗೆ ಅದು ಪೂರ್ಣಾಹಾರವಾಗಬಲ್ಲುದು. ಸಿಗಡಿಗೆ ಅದು ಪೂರಕ ಮಾತ್ರ. ಮೂರನೆಯದಾಗಿ, ಸಿಗಡಿಯನ್ನು ಪಾಚಿಯ ಆಧಾರದಿಂದ ಬೆಳೆಸಬೇಕಾದರೆ ಗುಳಿಗೆಯ ಘಟಕಗಳನ್ನು ಬದಲಿಸುವುದಕ್ಕಿಂತ ಸಾಕುವ ಒತ್ತನ್ನೇ ಇಳಿಸಬೇಕು. ಗಜನಿಯ ರೈತರು ಅನುಸರಿಸಿದುದು ಇದನ್ನೇ. ಅಲ್ಪ ಇಳುವರಿಯ ಆ ಪದ್ಧತಿ ಉಳಿಯಬೇಕಾದರೆ ಕಗ್ಗದ ಅಕ್ಕಿಗೂ, ಆಹಾರ ಹಾಕದೆ ಬೆಳೆದ ಸಿಗಡಿಗೂ, ಅವುಗಳ ಯೋಗ್ಯತೆಗೆ ತಕ್ಕ ಬೆಲೆ ಸಿಕ್ಕಬೇಕು.

ನಮ್ಮ ವಿದ್ಯಾರ್ಥಿಗಳು ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಗಜನಿಯ ಒಡ್ಡುಗಳ ಕಟ್ಟುಪಾಡು, ಬಾಗಿಲು ತೆರೆಯುವ ತಿಥಿಗಳು, ಗುತ್ತಿಗೆಯ ಕರಾರುಗಳು, ಕಗ್ಗದ ಬೀಜವನ್ನು ಕಾಯ್ದಿಡುವ ಕ್ರಮ ಇವೆಲ್ಲ ಹಿರಿಯರ ನೆನಪಿನಲ್ಲಿಯೂ ಹಳೆಯ ದಫ್ತರಗಳಲ್ಲಿಯೂ ಚದರಿಬಿದ್ದಿವೆ. ಅಂತೆಯೇ ಬಯಲಿನ ಹೊಲ ಜೋಳದಿಂದ ಮೆಕ್ಕೆಜೋಳಕ್ಕೆ ತಿರುಗಿದ ಕಥೆಯನ್ನು ಹಾವೇರಿ, ರಾಣೆಬೆನ್ನೂರುಗಳ ಪೇಟೆಯ ಲೆಕ್ಕಪುಸ್ತಕಗಳಲ್ಲಿ ಹುಡುಕಬೇಕಾಗಿದೆ. ಈ ಎರಡು ಬಗೆಯ ದಾಖಲೆಗಳನ್ನು ಒಂದೆಡೆ ಇಟ್ಟು ಓದಿದಾಗ ಮಾತ್ರ, ನೀರಿನಲ್ಲಿ ಬೆಳೆದ ಆಹಾರದ ಬೆಲೆಯನ್ನು ನೆಲದ ಮೇಲೆ ಯಾರು ತೆತ್ತರೆಂಬುದು ನಮಗೆ ಸ್ಪಷ್ಟವಾಗಿ ತಿಳಿದೀತು.